ಇಪ್ಪತ್ತೆರಡನೆಯ ಪ್ರಶ್ನೆಯ ತಿದ್ದುಪಡಿ

೨೦೦೯ನೆಯ ಇಸವಿ, ನವೆಂಬರ್ ಹನ್ನೆರಡು, ಗುರುವಾರ. ಇಪ್ಪತ್ತೈದು ಪ್ರಶ್ನೆಗಳಲ್ಲಿ ಸರಿಯಾದದ್ದು ಹದಿನೈದು, ತಪ್ಪಾದದ್ದು ಹತ್ತು. ಪ್ರಶ್ನೆಗೆ ನಾಲ್ಕರಂತೆ ಅರವತ್ತು ಅಂಕ. ಕೊನೆಯ ಪರೀಕ್ಷೆಗೆ ಕೂರಬೇಕಾದರೆ ಎಪ್ಪತ್ತು ಬೇಕು. ತಪ್ಪಿದ್ದನ್ನು ತಿದ್ದಿ ಕೊಟ್ಟರೆ ಒಂದೊಂದಕ್ಕೂ ಅರ್ಧ, ಅಂದರೆ ಎರಡೆರಡು ಅಂಕ, ಹಿಂದಕ್ಕೆ ಬರುತ್ತದೆ, ಹತ್ತಕ್ಕೆ ಇಪ್ಪತ್ತು, ಒಟ್ಟು ಎಂಬತ್ತು. ಆದರೆ ಒಂದನ್ನು ಬಿಟ್ಟರೂ ಎಲ್ಲವನ್ನೂ ಬಿಟ್ಟಂತೆ ಎಂಬುದು ಪಾಠ ಹೇಳುವ ಮಿಸೆಸ್ ವಾರ್ಗೋ ಅವರ ನಿಯಮ. ಇಷ್ಟನ್ನು ಓರಿನ್ ಡೂಡೆಕ್ ಕಾರು ನಿಲ್ಲಿಸಿದ ಜಾಗದಿಂದ ಗಣಿತದ ಲ್ಯಾಬಿನ ಬಾಗಿಲು ಮುಟ್ಟುವಷ್ಟರಲ್ಲಿ ಮೂರು ಸಲ ಬಾಯಲ್ಲೇ ಕೂಡಿ ನೋಡಿದ್ದ. ಮೂರು ಸಲವೂ ಅಷ್ಟೇ ಬಂತು. ಅಂಕಿಗಳು ಅವನಿಗೆ ಎಂದೂ ಕೈ ಕೊಟ್ಟಿರಲಿಲ್ಲ. ಕೈ ಕೊಟ್ಟದ್ದು ಅಕ್ಷರಗಳು.

ಅದು ಕಾಲೇಜಿನೊಳಗೆ ನಡೆಯುತ್ತಿದ್ದರೂ ಕಾಲೇಜಿನ ಲೆಕ್ಕಕ್ಕೆ ಸೇರದ ತರಗತಿ. ಅದರ ಸಂಖ್ಯೆಯೇ ಸೊನ್ನೆಯಿಂದ ಆರಂಭವಾಗುತ್ತಿತ್ತು. ಹೈಸ್ಕೂಲಿನಲ್ಲಿ ಕಲಿಯಬೇಕಾದದ್ದನ್ನು ಕಲಿಯದೆ ಬಂದವರಿಗೆ ಇಲ್ಲಿ ಮಧ್ಯಮ ಹಂತದ ಬೀಜಗಣಿತ. ಇದನ್ನು ದಾಟದೆ ನೀರು ಶುದ್ಧೀಕರಣದ ಕೋರ್ಸಿಗೆ ಕಾಲಿಡುವಂತಿಲ್ಲ. ಹಿಂದಿನ ವರ್ಷ ಕಾರುಗಳ ಸೀಟಿಗೆ ಸ್ಪ್ರಿಂಗ್ ಮಾಡುವ ಕಾರ್ಖಾನೆ ಮುಚ್ಚಿದಾಗ ಓಹಾಯೊ ರಾಜ್ಯದ ಕಚೇರಿಯೊಂದು ಅವನ ಓದಿನ ಖರ್ಚನ್ನು ವಹಿಸಿಕೊಂಡಿತ್ತು. ಎರಡು ಸಲ ಅವನು ಇದೇ ತರಗತಿಯಲ್ಲಿ ನಪಾಸಾಗಿದ್ದ. ಮೂರನೆಯದು ಕೊನೆಯದೆಂದು ಆ ಕಚೇರಿಯ ಪತ್ರ ಹೇಳಿತ್ತು. ಪತ್ರವನ್ನು ಅವನು ಹೆಂಡತಿಗೆ ತೋರಿಸಿರಲಿಲ್ಲ. ಸಂಜೆ ಊಟದ ಮೇಜಿನಲ್ಲಿ ಪಾಲೀನ್ ಆಲೂಗೆಡ್ಡೆ ಬಡಿಸುತ್ತ, "ಇವತ್ತು ನೀರಿನ ವಿಚಾರ ಏನು ಹೇಳ್ಕೊಟ್ರು?" ಎಂದು ಕೇಳುತ್ತಿದ್ದಳು, ಅವನು ಗ್ರಂಥಾಲಯದ ಪುಸ್ತಕದಲ್ಲಿ ಓದಿದ ಕ್ಲೋರಿನ್ನಿನ ಪ್ರಮಾಣವನ್ನು ಹೇಳುತ್ತಿದ್ದ, ಅವಳು ಅದನ್ನು ಫೋನಿನಲ್ಲಿ ತನ್ನ ತಂಗಿಗೆ ಹೇಳುತ್ತಿದ್ದಳು. ಐವತ್ತನಾಲ್ಕು ವಯಸ್ಸಿನ ತನ್ನ ಗಂಡ ಹದಿನಾರರ ಮಕ್ಕಳ ಪಾಠದಲ್ಲಿ ಸಿಕ್ಕಿಬಿದ್ದಿದ್ದಾನೆಂಬುದು ಅವಳಿಗೆ ತಿಳಿಯದು.

ಯಾರು ಬೇಕಾದರೂ ಬಂದು ಕೂತು ಲೆಕ್ಕ ಮಾಡಬಹುದಾದ ಆ ಲ್ಯಾಬಿನಲ್ಲಿ ಆಗ ಒಂಬತ್ತು ಗಂಟೆ. ತಿದ್ದುಪಡಿಯನ್ನು ಹತ್ತಕ್ಕೆ, ತರಗತಿ ಶುರುವಾಗುವಾಗ ಒಪ್ಪಿಸಬೇಕು. ಹಾಳೆಯಲ್ಲಿ ಮೂರು ಅಂಕಣಗಳು. ಎಡಕ್ಕೆ, ನಾನು ಮಾಡಿದ್ದು. ಬಲಕ್ಕೆ, ಸರಿಯಾದದ್ದು. ನಡುವೆ, ಏಕೆ ತಪ್ಪಿದೆ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಒಂಬತ್ತು ಪ್ರಶ್ನೆಗಳ ನಡುವಣ ಅಂಕಣವನ್ನು ಅವನು ಬುಧವಾರವೇ ತುಂಬಿಸಿದ್ದ. ಇಪ್ಪತ್ತೆರಡನೆಯದು ಮಾತ್ರ ಖಾಲಿ ಇತ್ತು. ಎಕ್ಸ್‌ಗೆ ಏಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಎಕ್ಸ್‌ನಲ್ಲಿ ಐದನ್ನು ಕಳೆದಷ್ಟೇ ಬರುತ್ತದೆ, ಎಕ್ಸ್ ಎಷ್ಟು? ಅವನು ಎರಡು ಕಡೆಯನ್ನೂ ವರ್ಗ ಮಾಡಿದ್ದ, ಪದಗಳನ್ನು ಒಂದು ಕಡೆಗೆ ತಂದಿದ್ದ, ಅಪವರ್ತನ ಮಾಡಿದ್ದ, ಎಲ್ಲವೂ ಸರಿ. ಕೊನೆಗೆ, ಎರಡು ಮತ್ತು ಒಂಬತ್ತು ಎಂದು ಬರೆದಿದ್ದ. ಒಂಬತ್ತು ನಿಜವಾದ ಉತ್ತರ. ಎರಡು ವರ್ಗ ಮಾಡುವಾಗ ನುಸುಳಿಕೊಂಡು ಬಂದದ್ದು. ಅದನ್ನು ಮೂಲ ಸಮೀಕರಣದಲ್ಲಿಟ್ಟು ನೋಡಿದರೆ ಒಂದು ಕಡೆ ಮೂರು, ಇನ್ನೊಂದು ಕಡೆ ಋಣ ಮೂರು. ಮಿಸೆಸ್ ವಾರ್ಗೋ ಏನೂ ಬರೆಯದೆ ಆ ಎರಡರ ಸುತ್ತ ಒಂದು ಸಣ್ಣ ಕೆಂಪು ವೃತ್ತ ಹಾಕಿದ್ದರು. ನಡುವಣ ಅಂಕಣಕ್ಕೆ ಬೇಕಾಗಿದ್ದದ್ದು ಒಂದೇ ವಾಕ್ಯ: ನಾನು ಪರೀಕ್ಷಿಸಿ ನೋಡಲಿಲ್ಲ. ಬುಧವಾರ ಎರಡು ಗಂಟೆ ಹೊತ್ತು ಅವನು ಆ ವಾಕ್ಯದ ಮುಂದೆ ಕುಳಿತಿದ್ದ, ಬರೆಯಲಾಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅವನ ಕೆಲಸ ಪರೀಕ್ಷಿಸಿ ನೋಡುವುದೊಂದೇ ಆಗಿತ್ತು. ತಂತಿಯ ದಪ್ಪವನ್ನು ಇಂಚಿನ ಸಾವಿರದಲ್ಲೊಂದು ಭಾಗದವರೆಗೆ ಅಳೆದು, ಸ್ಪ್ರಿಂಗ್ ತುಂಬಿದ ತೊಟ್ಟಿಯ ಚೀಟಿಯ ಮೇಲೆ ತನ್ನ ಮೊಹರು ಒತ್ತಿದರೆ ಅದನ್ನು ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ. ಬೇರೆ ಪಾಳಿಯವರು ತಮ್ಮ ತೊಟ್ಟಿಗಳನ್ನು ಅವನ ಮೇಜಿನ ಹತ್ತಿರ ತಂದಿಟ್ಟು ಅವನ ಮೊಹರಿಗಾಗಿ ಸುಮ್ಮನೆ ನಿಂತಿರುತ್ತಿದ್ದರು, ಏನೂ ಕೇಳದೆ. ಅವನು ಹುಡುಗನಾಗಿದ್ದಾಗ ಹೈಸ್ಕೂಲಿನ ಸಲಹೆಗಾರ ಮಾತ್ರ ಅವನ ಕಡತ ಮುಚ್ಚಿ, "ಈ ಹುಡುಗನಿಗೆ ಅಂಕಿ ಸಾಕು, ಅಕ್ಷರ ಬೇಡ" ಎಂದು ಅವನ ತಂದೆಗೆ ಹೇಳಿ ಬೀಜಗಣಿತದಿಂದ ತೆಗೆದು ಕಾರ್ಯಾಗಾರಕ್ಕೆ ಹಾಕಿದ್ದ. ತಂದೆ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ವಂದನೆ ಹೇಳಿದ್ದ.

"ಏನ್ ತಾತ, ಮುಖ ಹುಳಿ ಮಾಡ್ಕೊಂಡು ಕೂತಿದ್ದೀ? ಹಾಳೆ ನಿನ್ನ ಕಚ್ತಾ?"

ಡ್ರೀಮಾ ಟ್ಯಾಕೆಟ್ ಬಂದು ಪಕ್ಕದ ಕುರ್ಚಿಯಲ್ಲಿ ಚೀಲ ಎಸೆದಳು. ಇಪ್ಪತ್ತು ವರ್ಷ, ಬೆಳಗಿನ ನಾಲ್ಕಕ್ಕೇ ಎದ್ದು ಬೇಕರಿಯೊಂದರಲ್ಲಿ ದುಡಿದು ಬರುವ ಹುಡುಗಿ, ಅವಳ ತೋಳಿನ ಮೇಲೆ ಸಕ್ಕರೆ ಪುಡಿ ಯಾವಾಗಲೂ ಇರುತ್ತಿತ್ತು. ಉಸಿರಾಟದ ರೋಗಿಗಳ ಶುಶ್ರೂಷೆ ಕಲಿಯುವ ಆಸೆ ಅವಳದು. ಅದಕ್ಕೂ ಇದೇ ಬಾಗಿಲು. ಆಗಸ್ಟಿನಲ್ಲಿ ಮೂವತ್ತೊಂದು ಜನರಿದ್ದ ತರಗತಿ ಹತ್ತೊಂಬತ್ತಕ್ಕೆ ಇಳಿದಿದ್ದರೂ ಅವರಿಬ್ಬರೂ ಅಕ್ಕಪಕ್ಕದಲ್ಲೇ ಕುಳಿತಿದ್ದರು. ಮೊದಲ ವಾರವೇ ಅವಳು ಒಪ್ಪಂದ ಹೇಳಿದ್ದಳು: "ಅಂಕಿ ನಿಂದು, ಅಕ್ಷರ ನಂದು." ಏಳೆಂಟಲ ಐವತ್ತಾರೆಂಬುದು ಅವಳ ತಲೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ, ಆದರೆ ಎಕ್ಸ್ ಎಂದರೆ ಯಾರದೋ ಹೆಸರೆಂಬಂತೆ ಅವಳು ಅದರೊಡನೆ ಸಲೀಸಾಗಿ ಮಾತಾಡುತ್ತಿದ್ದಳು.

"ಒಂದು ಉಳ್ಕೊಂಡಿದೆ," ಎಂದ ಓರಿನ್.

"ನಂದು ಎಲ್ಲಾ ಮುಗೀತಪ್ಪ. ಹನ್ನೊಂದು ತಪ್ಪು, ಹನ್ನೊಂದು ಪಶ್ಚಾತ್ತಾಪ. ಚರ್ಚಿಗೆ ಹೋದ ಹಾಗಾಯ್ತು. ಕಾಫಿ ತರ್ತೀನಿ, ನಿಂಗೂ ಬೇಕಾ? ಹಾಲು ಹಾಕ್ಬಾರ್ದು, ಗೊತ್ತು, ಗೊತ್ತು." ಅವಳು ತಿದ್ದುಪಡಿಯ ಹಾಳೆಗಳನ್ನು ನೋಟ್‌ಬುಕ್ಕಿನೊಳಗಿಟ್ಟು, ನೋಟ್‌ಬುಕ್ಕು ಮುಚ್ಚಿ, ಅದರ ಮೇಲೆ ಕೈಗವಸು ಇಟ್ಟು ಹೋದಳು.

ಕೈಗವಸನ್ನು ಎತ್ತಿ ಪಕ್ಕಕ್ಕಿಟ್ಟ ಕೈ ತನ್ನದೇ ಎಂದು ಅವನಿಗೆ ಆಮೇಲೂ ಸ್ಪಷ್ಟವಾಗಿ ನೆನಪಿತ್ತು. ನೋಡುವುದಷ್ಟೇ, ವಾಕ್ಯ ಹೇಗಿರುತ್ತದೆಂದು ತಿಳಿಯುವುದಷ್ಟೇ. ಅವಳ ಇಪ್ಪತ್ತೆರಡನೆಯದೂ ತಪ್ಪಿತ್ತು, ಆದರೆ ಬೇರೆ ಬಗೆಯಲ್ಲಿ: ಎಕ್ಸ್ ಕಳೆ ಐದನ್ನು ವರ್ಗ ಮಾಡುವಾಗ ಅವಳು ಎಕ್ಸನ್ನು ಬೇರೆ, ಐದನ್ನು ಬೇರೆ ವರ್ಗ ಮಾಡಿ, ಎರಡರ ಗುಣಾಕಾರದಿಂದ ಹುಟ್ಟುವ ನಡುವಿನ ಪದವನ್ನು ಮರೆತಿದ್ದಳು. ನಡುವಣ ಅಂಕಣದಲ್ಲಿ ದುಂಡನೆಯ ಅಕ್ಷರಗಳಲ್ಲಿ ಬರೆದಿದ್ದಳು: ಅವಸರದಲ್ಲಿ ಎರಡನ್ನೂ ಬೇರೆ ಬೇರೆ ಮನೆಗೆ ಕಳಿಸಿಬಿಟ್ಟೆ, ಅವುಗಳ ನಡುವೆ ಸಂಬಂಧ ಇದೆ ಅನ್ನೋದು ಮರೆತುಹೋಯಿತು. ಓರಿನ್‌ಗೆ ಒಂದು ವಿಚಿತ್ರ ನಿರಾಳ ಉಂಟಾಯಿತು. ಇದು ತಿಳಿಯದವರ ತಪ್ಪು. ಇದರಲ್ಲಿ ನಾಚಿಕೆಯಿಲ್ಲ. ಇಂಥ ತಪ್ಪನ್ನು ಯಾರಾದರೂ ಮಾಡಬಹುದು, ಮಾಡಿ ಅದರ ಕೆಳಗೆ ಹೆಸರು ಹಾಕಬಹುದು. ತನ್ನ ಪರೀಕ್ಷೆಯ ಹಾಳೆಯಲ್ಲಿ ಆ ನಡುವಿನ ಪದ ಸ್ವಚ್ಛವಾಗಿ ಕುಳಿತಿದೆಯೆಂದೂ, ಆ ಹಾಳೆಯನ್ನು ತಿದ್ದುಪಡಿಗೆ ಪಿನ್ನು ಹೊಡೆದೇ ಒಪ್ಪಿಸಬೇಕೆಂದೂ ಅವನಿಗೆ ಗೊತ್ತಿತ್ತು. ಹತ್ತೊಂಬತ್ತು ಜನರ ತಪ್ಪುಗಳನ್ನು ಒಂದರ ಪಕ್ಕ ಒಂದಿಟ್ಟು ಯಾರು ನೋಡುತ್ತಾರೆ? ಅವನಾದರೆ ನೋಡುತ್ತಿದ್ದ. ಅವನು ವಾಕ್ಯವನ್ನು ಇದ್ದ ಹಾಗೆ ಇಳಿಸಿಕೊಂಡ, ನೋಟ್‌ಬುಕ್ಕು ಮುಚ್ಚಿದ, ಕೈಗವಸನ್ನು ಮೊದಲಿದ್ದ ಓರೆಯಲ್ಲೇ ಇಟ್ಟ. ಡ್ರೀಮಾ ಕಾಫಿ ತಂದಳು. ಅವನು ಕುಡಿದ. ನಾಲಿಗೆ ಸುಟ್ಟಿತು.

ತರಗತಿಯಲ್ಲಿ ಅಂದು ಹೊಸ ಪಾಠವಿರಲಿಲ್ಲ. ಎಲ್ಲರೂ ಅಭ್ಯಾಸದ ಲೆಕ್ಕ ಮಾಡುತ್ತಿದ್ದಾಗ ಮಿಸೆಸ್ ವಾರ್ಗೋ ಮುಂದಿನ ಮೇಜಿನಲ್ಲಿ ತಿದ್ದುಪಡಿಗಳನ್ನು ಓದುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು. ಮೂರು ಕಾಲೇಜುಗಳಲ್ಲಿ ಗಂಟೆಯ ಲೆಕ್ಕದಲ್ಲಿ ಪಾಠ ಹೇಳುತ್ತಿದ್ದರು. ಯಾವ ಕಾಲೇಜಿನಲ್ಲೂ ಅವರಿಗೆ ಕೋಣೆಯಿರಲಿಲ್ಲ. ಅವರ ಕೈ ಒಂದು ಹಾಳೆಯ ಮೇಲೆ ನಿಂತಿತು. ಹಿಂದೆ ಹೋಗಿ ಇನ್ನೊಂದನ್ನು ಎಳೆಯಿತು. ಓರಿನ್ ತಲೆಯೆತ್ತದೆಯೇ ಇದನ್ನು ಕಂಡ. ಕಿಟಕಿಯಾಚೆ ಊರಂಚಿನ ಸರೋವರದ ಗಾಳಿ ಧ್ವಜದ ಹಗ್ಗವನ್ನು ಕಂಬಕ್ಕೆ ಬಡಿಯುತ್ತಿತ್ತು. ಅವನು ಬಡಿತಗಳನ್ನು ಎಣಿಸತೊಡಗಿದ, ನಲವತ್ತರವರೆಗೆ ಎಣಿಸಿ ಬಿಟ್ಟ. ಹನ್ನೊಂದೂವರೆಗೆ ಎಲ್ಲರೂ ಎದ್ದಾಗ ಅವರು ಸಾಧಾರಣ ದನಿಯಲ್ಲಿ, "ಮಿಸ್ಟರ್ ಡೂಡೆಕ್, ಒಂದ್ನಿಮಿಷ ಇರ್ತೀರಾ? ಡ್ರೀಮಾ, ನೀನು ಹೊರಗಡೆ ಕಾಯಮ್ಮ," ಎಂದರು. ಡ್ರೀಮಾ ಅವನತ್ತ ಹುಬ್ಬು ಹಾರಿಸಿ ಹೋದಳು.

"ಇಲ್ಲಿ ನೋಡಿ," ಎಂದರು ಮಿಸೆಸ್ ವಾರ್ಗೋ. "ಪರೀಕ್ಷೇಲಿ ನಡುವಿನ ಪದ ಚೆನ್ನಾಗೇ ಬರ್ದಿದ್ದೀರಿ. ತಿದ್ದುಪಡೀಲಿ ಅದೇ ಮರ್ತೋಯ್ತು ಅಂತ ಬರ್ದಿದ್ದೀರಿ. ಹನ್ನೊಂದು ವರ್ಷದಿಂದ ಪಾಠ ಮಾಡ್ತಿದ್ದೀನಿ. ಮಾಡಿದ ತಪ್ಪನ್ನ ಒಪ್ಪಿಕೊಳ್ದೇ ಇರೋರನ್ನ ಬೇಕಾದಷ್ಟು ನೋಡಿದ್ದೀನಿ. ಮಾಡ್ದೇ ಇರೋದನ್ನ ಒಪ್ಪಿಕೊಂಡೋರು ನೀವೇ ಮೊದಲು."

ಅವರ ಮುಖ ಕೆಂಪಾಗಿತ್ತು. ತನಗಿಂತ ಹಿರಿಯನನ್ನು ವಿಚಾರಿಸಬೇಕಾಗಿ ಬಂದದ್ದಕ್ಕೆ ಅವರಿಗೇ ನಾಚಿಕೆಯಾಗುತ್ತಿದೆಯೆಂದು ತಿಳಿದಾಗ ಅವನಿಗೆ ಕೂರಲು ಕುರ್ಚಿ ಬೇಕೆನಿಸಿತು. ಅವರು ಮೊದಲ ದಿನ ಹಂಚಿದ್ದ ನಿಯಮಗಳ ಹಾಳೆಯನ್ನು ಅವನತ್ತ ತಿರುಗಿಸಿ, ಪೆನ್ಸಿಲಿನ ತುದಿಯಿಂದ ಎರಡು ಸಾಲು ತೋರಿಸಿದರು. ಒಬ್ಬರು ಇನ್ನೊಬ್ಬರಿಗೆ ತೋರಿಸಿದ್ದರೆ ಇಬ್ಬರಿಗೂ ಹತ್ತು ಅಂಕ ಕಡಿತ. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ತೆಗೆದುಕೊಂಡಿದ್ದರೆ, ತೆಗೆದುಕೊಂಡವರ ತಿದ್ದುಪಡಿ ಪೂರ್ತಿ ರದ್ದು, ಡೀನ್ ಕಚೇರಿಗೆ ವರದಿ.

"ನೀವಿಬ್ರೂ ಜೊತೇಲಿ ಕೂತು ಓದ್ತೀರಿ. ಅವಳು ನಿಮಗೆ ತೋರಿಸಿದ್ಲಾ?" ಎಂದು ಕೇಳಿದರು. ಕೇಳಿದ ರೀತಿಯಲ್ಲೇ ಒಂದು ಬಾಗಿಲನ್ನು ತೆರೆದು ಹಿಡಿದಿದ್ದರು.

ಲೆಕ್ಕ ತಾನಾಗಿ ನಡೆಯಿತು. ಅವನು ಬೇಡವೆಂದರೂ ನಡೆಯುತ್ತಿತ್ತು. ತನ್ನದು ಎಂಬತ್ತು, ಹತ್ತು ಹೋದರೆ ಎಪ್ಪತ್ತು. ಸರಿಯಾಗಿ ಎಪ್ಪತ್ತು. ಡ್ರೀಮಾಳದು ಹದಿನಾಲ್ಕು ಸರಿ, ಐವತ್ತಾರು, ತಿದ್ದಿದ್ದು ಹನ್ನೊಂದು, ಇಪ್ಪತ್ತೆರಡು, ಎಪ್ಪತ್ತೆಂಟು. ಇದನ್ನು ಮಂಗಳವಾರ ಅವಳಿಗೆ ಕೂಡಿ ಹೇಳಿದವನೂ ಅವನೇ. ಅವಳು ಮೇಜು ಬಡಿದು ನಕ್ಕಿದ್ದಳು. ಅದರಲ್ಲಿ ಹತ್ತು ಹೋದರೆ ಅರವತ್ತೆಂಟು. ಅವನ ಎದುರಿಗೆ ಎರಡು ಸಂಖ್ಯೆಗಳು ಪಕ್ಕಪಕ್ಕದಲ್ಲಿ ನಿಂತಿದ್ದವು, ಒಂದು ಗೆರೆಯ ಮೇಲೆ, ಒಂದು ಗೆರೆಗಿಂತ ಎರಡು ಕೆಳಗೆ. ಮಿಸೆಸ್ ವಾರ್ಗೋ ಅದನ್ನು ಇನ್ನೂ ಕೂಡಿ ನೋಡಿಲ್ಲವೆಂದು ಅವರ ಮುಖದಿಂದ ತಿಳಿಯುತ್ತಿತ್ತು. ಆ ಕೋಣೆಯಲ್ಲಿ ಅದನ್ನು ಬಲ್ಲವನು ಅವನೊಬ್ಬನೇ.

"ತೋರಿಸಿದ್ಲು," ಎಂದ.

ಡ್ರೀಮಾಳನ್ನು ಕರೆದರು. ಎರಡು ಹಾಳೆಗಳನ್ನೂ ಅವಳ ಮುಂದಿಟ್ಟು, "ನೀನು ಇದನ್ನ ಮಿಸ್ಟರ್ ಡೂಡೆಕ್‌ಗೆ ತೋರಿಸಿದ್ಯಾ? ಹಾಗಂತ ಅವರು ಹೇಳ್ತಾರೆ," ಎಂದರು. ಅವಳು ಹಾಳೆ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವನು ಆ ಕ್ಷಣದಲ್ಲಿ ಬೇರೆಡೆ ನೋಡಬಹುದಾಗಿತ್ತು, ನೋಡಲಿಲ್ಲ; ತನ್ನ ಮುಖ ಏನು ಕೇಳಿಕೊಳ್ಳುತ್ತಿತ್ತೆಂಬುದು ಅವನಿಗೆ ಗೊತ್ತಿತ್ತು. ಅದೊಂದು ಭಿಕ್ಷೆಯ ಮುಖ. ಕಾರ್ಖಾನೆಯ ಗೇಟಿಗೆ ಕೊನೆಯ ದಿನ ಬೀಗ ಹಾಕಿದಾಗಲೂ ಅವನು ಯಾರೆದುರೂ ಹಾಗೆ ನಿಂತಿರಲಿಲ್ಲ.

"ಹೂಂ ಮ್ಯಾಮ್," ಎಂದಳು ಡ್ರೀಮಾ. "ನಾನೇ ತೋರಿಸ್ದೆ. ತಾತ ಒಂದರಲ್ಲಿ ಸಿಕ್ಕಾಕ್ಕೊಂಡಿದ್ರು. ಅಷ್ಟಕ್ಕೆಲ್ಲ ಏನು ಮ್ಯಾಮ್, ಗಲ್ಲಿಗೆ ಹಾಕ್ತೀರಾ?"

"ಹತ್ತು ಅಂಕ. ಇಬ್ಬರಿಗೂ," ಎಂದು ಮಿಸೆಸ್ ವಾರ್ಗೋ ಎರಡು ಹಾಳೆಗಳ ಮೇಲೂ ಬರೆದುಕೊಂಡು, ಗಡಿಯಾರ ನೋಡಿ, ಚೀಲ ಎತ್ತಿಕೊಂಡು ಹೊರಟರು. ಹನ್ನೆರಡೂವರೆಗೆ ಅವರಿಗೆ ಮೂವತ್ತು ಮೈಲಿಯಾಚೆ ಇನ್ನೊಂದು ತರಗತಿಯಿತ್ತು.

ಕಾರಿಡಾರಿನಲ್ಲಿ ಇಬ್ಬರೇ ಉಳಿದರು. ಡ್ರೀಮಾ ಅವನ ತೋಳಿಗೆ ಮೆಲ್ಲಗೆ ಗುದ್ದಿದಳು. "ಎಂಥಾ ಕಳ್ಳ ನೀನು! ಕೇಳಿದ್ರೆ ಕೊಡ್ತಿರ್ಲಿಲ್ವಾ? ಅದೂ ನನ್ನ ತಪ್ಪನ್ನ ಹೊಡ್ಕೊಂಡಿದ್ದೀಯಲ್ಲ, ಸರಿ ಉತ್ತರ ಕದಿಯೋದು ಬಿಟ್ಟು. ನಿನ್ನ ಬುದ್ಧಿಗಿಷ್ಟು." ನಗುತ್ತಿದ್ದಳು. ನಗುತ್ತಲೇ ಚೀಲದ ಪಟ್ಟಿ ಹೆಗಲಿಗೇರಿಸಿಕೊಂಡು ಕೇಳಿದಳು: "ಅಂದಹಾಗೆ ನಂದು ಎಷ್ಟಾಯ್ತು ತಾತ ಈಗ? ಆವತ್ತು ಹೇಳಿದ್ಯಲ್ಲ, ಅದರಲ್ಲಿ ಹತ್ತು ಹೋದ್ರೆ? ದಾಟುತ್ತೆ ತಾನೆ?"

ಅಂಕಿ ನಿಂದು ಎಂದು ಅವಳು ವಹಿಸಿಕೊಟ್ಟಿದ್ದಳು. ಅವನು ಹೇಳಬೇಕಾಗಿತ್ತು.

"ಅರವತ್ತೆಂಟು."

ಅವಳ ನಗು ತಕ್ಷಣ ಹೋಗಲಿಲ್ಲ; ಮುಖದ ಮೇಲೆ ಸ್ವಲ್ಪ ಹೊತ್ತು ವಿಳಾಸ ತಪ್ಪಿದಂತೆ ನಿಂತಿತ್ತು. "ನಿಂದು?"

"ಎಪ್ಪತ್ತು."

ಅವಳು ಗೋಡೆಯ ಮೇಲಿನ ಸೂಚನಾ ಫಲಕವನ್ನು ನೋಡುತ್ತ ನಿಂತಳು. ಅಲ್ಲಿ ಯಾರೋ ಒಂದು ಸೋಫಾ ಮಾರುತ್ತಿದ್ದರು. "ಒಳಗೆ ನನ್ನ ಮುಖ ನೋಡಿದ್ಯಲ್ಲ," ಎಂದಳು ಕೊನೆಗೆ, "ಆಗ ಇದು ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನಬಹುದಾಗಿತ್ತು. ಅವಳು ನಂಬುತ್ತಿದ್ದಳು, ಎಂದೋ ಒಂದು ದಿನ, ಬಸ್ಸಿನಲ್ಲಿ ಕುಳಿತಾಗಲೋ ಹಿಟ್ಟು ನಾದುವಾಗಲೋ, ಏಳೆಂಟಲ ಎಷ್ಟೆಂದು ಕೇಳಿದೊಡನೆ ಹೇಳುತ್ತಿದ್ದ ಮುದುಕನಿಗೆ ಇಷ್ಟು ಚಿಕ್ಕ ಕಳೆಯುವ ಲೆಕ್ಕ ಹೇಗೆ ಹೊಳೆಯಲಿಲ್ಲವೆಂದು ತಾನೇ ಕೇಳಿಕೊಳ್ಳುವವರೆಗೆ ನಂಬುತ್ತಿದ್ದಳು.

"ಗೊತ್ತಿತ್ತು," ಎಂದ.

ಅವಳು ಬೈದಿದ್ದರೆ ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಅವಳು ಬಸ್ ನಿಲ್ದಾಣದ ಕಡೆಯ ಬಾಗಿಲು ತಳ್ಳಿಕೊಂಡು ಹೋದಳು. ತಣ್ಣನೆಯ ಗಾಳಿ ಒಳಗೆ ಬಂತು, ಬಾಗಿಲು ಮುಚ್ಚಿತು. ಅವನು ಇನ್ನೊಂದು ಬಾಗಿಲಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ನಡೆದ. ಮೊದಲು ನಡೆದ, ಆಮೇಲೆ ಓಡಿದ. ಓಡುವಾಗ ತಾನು ಒಳ್ಳೆಯ ಕೆಲಸಕ್ಕೆ ಓಡುತ್ತಿದ್ದೇನೆ ಎಂಬ ಒಂದು ಸಣ್ಣ ಹೆಮ್ಮೆ ತಲೆಯೆತ್ತಿದ್ದನ್ನು ಗಮನಿಸಿದ, ಅದಕ್ಕೂ ನಾಚಿದ. ಮಿಸೆಸ್ ವಾರ್ಗೋ ಚಾಲಕನ ಆಸನದಲ್ಲಿ ಕುಳಿತು ಡಬ್ಬಿಯಿಂದ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಹಿಂದಿನ ಆಸನದ ತುಂಬ ಮೂರು ಕಾಲೇಜುಗಳ ಪುಸ್ತಕಗಳು. ಅವನನ್ನು ಕಂಡು ಗಾಜು ಇಳಿಸಿದರು. "ಪರ್ವಾಗಿಲ್ಲ ಬಿಡಿ ಮಿಸ್ಟರ್ ಡೂಡೆಕ್, ಇದು ಇಲ್ಲಿಗೇ ಮುಗೀತು. ಥ್ಯಾಂಕ್ಸ್ ಎಲ್ಲ ಬೇಡ."

"ಅವಳು ತೋರಿಸ್ಲಿಲ್ಲ," ಎಂದ. ಉಸಿರು ಸಾಲದೆ ನಿಂತು, ಮತ್ತೆ ಹೇಳಿದ. "ಮುಚ್ಚಿಟ್ಟು ಹೋಗಿದ್ಲು. ನಾನು ತೆರೆದು ತಗೊಂಡೆ."

ಅವರು ಸ್ಯಾಂಡ್‌ವಿಚ್ಚನ್ನು ಡಬ್ಬಿಯೊಳಗಿಟ್ಟರು. "ಹಾಗಾದ್ರೆ ಅವಳು ನನ್ನೆದುರು ಸುಳ್ಳು ಹೇಳಿದ್ಲು."

ಇದು ಅವನಿಗೆ ಹೊಳೆದಿರಲಿಲ್ಲ. ಅವಳನ್ನು ಎತ್ತಲು ಹೋಗಿ ಮತ್ತೆ ಅವಳ ಮೇಲೇ ಕಾಲಿಟ್ಟಿದ್ದ. "ಹೇಳಿಸಿದ್ದು ನಾನು," ಎಂದ. "ಅವಳನ್ನ ನೋಡಿದೆ. ನೀವೂ ಕಂಡಿರ್ತೀರಿ."

"ಕಂಡೆ," ಎಂದರು ಮಿಸೆಸ್ ವಾರ್ಗೋ. ಆಮೇಲೆ ಚೀಲದಿಂದ ಅವಳ ಹಾಳೆ ತೆಗೆದು, ಕಡಿತವನ್ನು ಹೊಡೆದುಹಾಕಿ ಎಪ್ಪತ್ತೆಂಟು ಎಂದು ಬರೆದು ಅವನಿಗೆ ಕಾಣುವಂತೆ ಹಿಡಿದರು. "ಅವಳು ಹೇಳಿದ್ದು ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ನಿಮ್ಮದು ಅರವತ್ತು. ವರದಿ ನಾನು ಬರೀಲೇಬೇಕು. ರಾಜ್ಯದ ಕಚೇರಿಗೂ ಹೋಗುತ್ತೆ ಅದು, ಗೊತ್ತಲ್ಲ?"

"ಗೊತ್ತು."

"ಇಪ್ಪತ್ತೆರಡರಲ್ಲಿ ನೀವು ಮಾಡಿದ ತಪ್ಪು ಏನು ಅಂತಾನಾದ್ರೂ ತಿಳಿದಿದೆಯಾ?"

ತಿಳಿದಿದೆ ಎಂದು ತಲೆಯಾಡಿಸಿದ. ಹೇಳಲು ಬಾಯಿ ತೆರೆದ. ಅವರು ಕಾಯಲಿಲ್ಲ, ಕಾರು ಹೊರಡಿಸಿದರು.

ನಿಲ್ದಾಣದಲ್ಲಿ ಡ್ರೀಮಾ ಗಾಳಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಅವನು ಮೂರು ಹೆಜ್ಜೆ ಈಚೆಗೇ ನಿಂತು, "ನಿಂದು ಎಪ್ಪತ್ತೆಂಟೇ ಉಳೀತು," ಎಂದ.

"ನಾನು ಕೇಳಿದ್ನಾ?" ಎಂದಳು ತಿರುಗದೆ. "ನಿನಗೋಸ್ಕರ ಸುಳ್ಳು ಹೇಳ್ದೆ. ನಮ್ಮಮ್ಮನಿಗೋಸ್ಕರಾನೂ ಹೇಳೋಳಲ್ಲ ನಾನು. ಈಗ ಆಯಮ್ಮನ ಕಣ್ಣಲ್ಲಿ ಸುಳ್ಳುಗಾತಿ ಯಾರು? ಅದನ್ನೂ ಕಳೆದು ಕೂಡಿ ಹೇಳಪ್ಪ."

"ಅಂಕಿ ಇನ್ನೂ ತಲೇಲಿ ಕೂರ್ಲಿಲ್ಲ ನಿಂಗೆ," ಎಂದ. ತಾನು ಆಡುತ್ತಿರುವುದು ಬೇರೆಯೇ ಮಾತೆಂದು ಅವನಿಗೆ ಗೊತ್ತಿತ್ತು. "ಕೊನೆ ಪರೀಕ್ಷೆ ಡಿಸೆಂಬರ್ ಹತ್ತಕ್ಕೆ. ಕ್ಯಾಲ್ಕುಲೇಟರ್ ಬಿಡಲ್ಲ. ತರಗತಿಗೆ ನಾನಿನ್ನು ಬರೋ ಹಾಗಿಲ್ಲ, ಲ್ಯಾಬಿಗೆ ಬರಬಹುದು. ಒಂಬತ್ತಕ್ಕೆ ಇರ್ತೀನಿ."

ಬಸ್ಸು ಬಂತು. ಅವಳು ಬಾ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಮಂಗಳವಾರ ಅವನು ಎಂದಿನ ಹೊತ್ತಿಗೆ ಮನೆ ಬಿಟ್ಟ. ಪಾಲೀನ್‌ಗೆ ಇನ್ನೂ ಹೇಳಿರಲಿಲ್ಲ. ಹೇಳದ ಮೇಲೆ ಹೊರಡಲೇಬೇಕಾಗಿತ್ತು. ಆದ್ದರಿಂದ ತಾನು ಬಂದದ್ದು ಹುಡುಗಿಗಾಗಿಯೋ ಹೆಂಡತಿಯ ಪ್ರಶ್ನೆಗೆ ಹೆದರಿಯೋ ಎಂಬುದನ್ನು ಅವನು ಎಷ್ಟು ಸಲ ಬಿಡಿಸಿ ನೋಡಿದರೂ ಎರಡು ಉತ್ತರ ಬರುತ್ತಿತ್ತು. ಲ್ಯಾಬಿನಲ್ಲಿ ಗೋಡೆಯ ಪಕ್ಕದ ಮೇಜಿನಲ್ಲಿ ಕುಳಿತ. ಒಂಬತ್ತೂ ಹತ್ತಕ್ಕೆ ಡ್ರೀಮಾ ಬಂದಳು, ಅವನನ್ನು ಕಂಡಳು, ಮೂರು ಮೇಜುಗಳಾಚೆ ಕುಳಿತಳು. ನೋಟ್‌ಬುಕ್ಕು ತೆರೆದು ಒಂದು ದೊಡ್ಡ ಗುಣಾಕಾರ ಹಾಕಿಕೊಂಡು ಬೆರಳು ಮಡಿಸಿ ಎಣಿಸತೊಡಗಿದಳು. ಏಳೆಂಟಲ ಹತ್ತಿರ ತಡೆದಳು, ತುಟಿ ಆಡಿಸಿದಳು, ಐವತ್ತನಾಲ್ಕು ಎಂದು ಬರೆದಳು. ಅವನಿಗೆ ಅಲ್ಲಿಂದಲೇ ಕಾಣುತ್ತಿತ್ತು. ಅವಳು ಆ ಐವತ್ತನಾಲ್ಕನ್ನೇ ಹಿಡಿದುಕೊಂಡು ಕೆಳಗಿನ ಸಾಲಿಗೆ ಇಳಿದಳು, ಅದರ ಕೆಳಗಿನ ಸಾಲಿಗೆ ಇಳಿದಳು, ತಪ್ಪು ಅವಳ ಜೊತೆಗೇ ಇಳಿಯಿತು. ಅವನು ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು, ಕರೆಯುವಳೆಂದು, ಹತ್ತು ಗಂಟೆಯವರೆಗೆ ಕುಳಿತಿದ್ದ.